ಹವಾಮಾನದ ಮಾಡೆಲ್ ಒಳಗ ನಮ್ಮ ಎರಿ ಹೊಲ ಎಲ್ಲೈತಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕ್ಯಾಗ ಮಳಿ ಮುನ್ಸೂಚನೆ ಕೊಡೋ ಕಂಪ್ಯೂಟರ್ ಮಾಡೆಲ್ ಬಗ್ಗೆ ಬರದಿದ್ವಿ, ಭೂಮಿ ಮ್ಯಾಲಿನ ಹವಾನ ಚೌಕ ಚೌಕ ಮಾಡಿ ಒಂದೊಂದು ಚೌಕದಾಗ ಗಾಳಿ ಎಷ್ಟು, ಕಾವು ಎಷ್ಟು, ಆವಿ ಎಷ್ಟು ಅಂತ ಲೆಕ್ಕ ಹಾಕ್ಕೋತ ಹೋಗ್ತಾರ ಅಂತ. ಅದನ್ನ ಓದಿ ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡಿಂದ ಬಂದ ಪತ್ರದಾಗ ಹೆಚ್ಚಿನವರು ಕೇಳಿದ್ದು ಒಂದ ಮಾತು: ಮ್ಯಾಲಿಂದು ಆತು, ಕೆಳಗಿನ ನೆಲದ್ದು ಏನು? ಈ ಪ್ರಶ್ನೆ ಬಂದದ್ದು ಭಾಳ ಚಲೋ ಆತು. ಈ ಸಲ ಪೂರಾ ಅಂಕಣ ಅದಕ್ಕ ಕೊಟ್ಟೇವಿ.

ಪ್ರಶ್ನೆ: ಸರ, ಹವಾಮಾನ ಅಂದ್ರ ಗಾಳಿ, ಮೋಡ, ಸಮುದ್ರ ಅಲ್ಲೇನ್ರಿ? ಅದರ ಲೆಕ್ಕದಾಗ ನೆಲ ಯಾಕ ಬೇಕು? ಮತ್ತ ನಮ್ಮ ಹೊಲ ಆ ಮಾಡೆಲ್ಲಿಗೆ ಹೆಂಗ ಕಾಣ್ತೈತಿ?
- ಬಸವನ ಬಾಗೇವಾಡಿ ತಾಲೂಕಿನ ರೈತರು

ಉತ್ತರ: ಅಣ್ಣಾರ, ನೆಲ ಬಿಟ್ಟು ಹವಾಮಾನದ ಲೆಕ್ಕ ಆಗಂಗ ಇಲ್ಲ, ಯಾಕಂದ್ರ ಬಿಸಲು ಹವಾನ ನೇರ ಕಾಸೂದು ಭಾಳ ಕಮ್ಮಿ. ಸೂರ್ಯನ ಬೆಳಕು ಹವಾ ದಾಟಿ ಬಂದು ನೆಲಕ್ಕ ಬಡೀತೈತಿ, ನೆಲ ಕಾಯ್ತೈತಿ, ಆಮ್ಯಾಲೆ ಆ ನೆಲ ಕೆಳಗಿಂದ ಹವಾನ ಕಾಸ್ತೈತಿ. ಮೋಡ ಇಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ನೆಲದ ಮ್ಯಾಲೆ ಹತ್ತಿರ ಹತ್ತಿರ 1000 ವ್ಯಾಟ್ ಬಿಸಲು ಬೀಳ್ತೈತಿ. ಅದರಾಗ ಒಂದಿಷ್ಟು ಹೊಳದು ತಿರುಗಿ ಹೋಗ್ತೈತಿ, ಒಣ ಉಸುಕಾದ್ರ ನೂರಕ್ಕ 35ರ ಆಜೂಬಾಜೂ, ಹಸಿ ಎರಿ ಮಣ್ಣಾದ್ರ 10ರ ಒಳಗ. ಒಂದಿಷ್ಟು ಕಣ್ಣಿಗೆ ಕಾಣದ ಶಾಖದ ಕಿರಣ ಆಗಿ ಮ್ಯಾಲಕ್ಕ ಹೋಗ್ತೈತಿ. ಉಳದದ್ದನ್ನ ನೆಲ ಮೂರು ಪಾಲು ಮಾಡ್ತೈತಿ: ಒಂದು ಪಾಲು ಮಣ್ಣಿನೊಳಗ ಇಳೀತೈತಿ, ಒಂದು ಪಾಲು ಹವಾನ ಕಾಸ್ತೈತಿ, ಇನ್ನೊಂದು ಪಾಲು ನೀರನ್ನ ಆವಿ ಮಾಡಾಕ ಹೋಗ್ತೈತಿ.

ಈ ಮೂರನೇ ಪಾಲು ಎಷ್ಟು ದೊಡ್ಡದು ಅಂತ ಒಂದು ಎಕರೆ ಹೊಲದಾಗ ಲೆಕ್ಕ ಹಾಕಿ ನೋಡ್ರಿ. ಚಲೋ ನೀರು ಕುಡದ ಬೆಳಿ ಬಿಸಲ ದಿನ 4 ಮಿ.ಮೀ ನೀರು ಆವಿ ಮಾಡೂದು ಏನೂ ಹೆಚ್ಚಲ್ಲ. ಒಂದು ಎಕರೆಗೆ ಅದು 16 ಸಾವಿರ ಲೀಟರ್ ಆಗ್ತೈತಿ. ಒಂದು ಕಿಲೋ ನೀರು ಆವಿ ಆಗಾಕ ಸುಮಾರು 24.5 ಲಕ್ಷ ಜೂಲ್ ಬೇಕು, ಅಂದ್ರ ಆ ಎಕರೆದಾಗ ಒಂದ ದಿನಕ್ಕ ಖರ್ಚಾದ ಬಿಸಲಿನ ಶಕ್ತಿ ಕರೆಂಟ್ ಲೆಕ್ಕದಾಗ 11 ಸಾವಿರ ಯೂನಿಟ್! ಇಷ್ಟು ಶಕ್ತಿ ಹವಾನ ಕಾಸೂದು ಬಿಟ್ಟು ಆವಿಯೊಳಗ ಅಡಗಿ ಕೂಡತೈತಿ, ಮ್ಯಾಲೆ ಹೋಗಿ ಮೋಡ ಆಗುವಾಗ ಅಲ್ಲಿ ಹೊರಗ ಬರ್ತೈತಿ. ಅದ ಹೊಲ ಏಪ್ರಿಲ್ ತಿಂಗಳದಾಗ ಒಣಗಿ ಬಿದ್ದಿತ್ತಂದ್ರ ಆವಿ ಮಾಡಾಕ ನೀರ ಇಲ್ಲ, ಹೆಚ್ಚಿನ ಶಕ್ತಿ ಹವಾ ಕಾಸಾಕ ಹೋಗ್ತೈತಿ, ಕಾದ ಹವಾ ಮ್ಯಾಲೆ ಏಳ್ತೈತಿ, ಸಂಜಿ ಅನ್ನೂದ್ರಾಗ ನೆಲದಿಂದ 2-3 ಕಿ.ಮೀ ಎತ್ತರದ ತನಕ ಹವಾ ಕಲಸಿ ಹೋಗಿರ್ತೈತಿ. ಹೊಲ ಹಸಿ ಇತ್ತಂದ್ರ ಆ ಪದರ 1 ಕಿ.ಮೀ ಸುತ್ತಮುತ್ತ ನಿಂತು ಬಿಡ್ತೈತಿ. ಹವಾ ಅದ, ಬಿಸಲು ಅದ, ನೆಲ ಬ್ಯಾರೆ ಅಂದ್ರ ಮುಂದಿನ ಮೋಡಾನೂ ಬ್ಯಾರೆ.

ಈ ಹಂಚಿಕಿ ಮಾಡೋ ಕೆಲಸಕ್ಕ ಮಾಡೆಲ್‌ನಾಗ ಒಂದು ಬ್ಯಾರೆ ಭಾಗ ಇರ್ತೈತಿ, ಲ್ಯಾಂಡ್ ಸರ್ಫೇಸ್ ಮಾಡೆಲ್ ಅಂತಾರ. ಮ್ಯಾಲಿನ ಹವಾದ ಭಾಗ ಇದಕ್ಕ ಬಿಸಲು, ಮಳಿ, ಗಾಳಿ, ಉಷ್ಣತೆ, ಹವಾದಾಗಿನ ಹಸಿ ಕೊಡ್ತೈತಿ. ಇದು ತಿರುಗಿ ಕಾವು, ಆವಿ, ಗಾಳಿಗೆ ನೆಲದಿಂದ ಆಗೋ ತಡೆ ಇಷ್ಟನ್ನ ಮ್ಯಾಲಕ್ಕ ಕೊಡ್ತೈತಿ. ಈ ಕೊಡು-ತಗೊ ಮಾಡೆಲ್ ಗಡಿಯಾರದಾಗ ಕೆಲವು ನಿಮಿಷಕ್ಕೊಮ್ಮೆ ನಡೀತಿರ್ತೈತಿ, ನೂರು ವರ್ಷದ ಲೆಕ್ಕ ಹಾಕೂದಿದ್ರೂ ಹಂಗ.

ಮೊದಲ ಇದು ಭಾಳ ಸಾದಾ ಇತ್ತು. 1969ರಾಗ ಸ್ಯುಕುರೊ ಮನಾಬೆ ಅನ್ನೋ ವಿಜ್ಞಾನಿ (2021ರಾಗ ಫಿಸಿಕ್ಸ್ ನೊಬೆಲ್ ಬಂದವರ ಪೈಕಿ ಒಬ್ಬರು) ನೆಲಾನ ಒಂದು ಬಕೆಟ್ ಅಂತ ಹಿಡದ್ರು. ಜಗತ್ತಿನ ಎಲ್ಲಾ ನೆಲಕ್ಕೂ 15 ಸೆಂ.ಮೀ ನೀರು ಹಿಡಿಯೋ ಒಂದ ಅಳತಿ ಬಕೆಟ್. ಮುಕ್ಕಾಲಿಗಿಂತ ಹೆಚ್ಚು ತುಂಬಿದ್ರ ಆವಿ ಪೂರಾ ಜೋರಿನ್ಯಾಗ ಹೋಗ್ತೈತಿ, ಕಮ್ಮಿ ಇದ್ರ ಅಷ್ಟಕ್ಕಷ್ಟ ಕಮ್ಮಿ, ತುಂಬಿ ಚೆಲ್ಲಿದ್ದು ಹೊಳಿಗೆ ಹೋತು. ಅದರಾಗ ಗಿಡ ಇಲ್ಲ, ಎಲಿ ಇಲ್ಲ, ಬೇರು ಇಲ್ಲ. ಹಂಗಂತ ಸಣ್ಣ ಕೆಲಸ ಅಂತ ತಿಳೀಬ್ಯಾಡ್ರಿ, ನೆಲದ ಹಸಿ ಮತ್ತ ಹವಾ ಎರಡನ್ನೂ ಒಂದಕ್ಕೊಂದು ಕಟ್ಟಿ ಕೂಡಸಿದ್ದ ದೊಡ್ಡ ಮಾತು. 15 ಸೆಂ.ಮೀ ಅಂದ್ರ 150 ಮಿ.ಮೀ, ನಮ್ಮ ಆಳದ ಎರಿ ಭೂಮಿ ಮೀಟರ್ ಆಳದಾಗ ಬೆಳಿಗೆ ಕೊಡೋ ನೀರು ಹೆಚ್ಚು ಕಮ್ಮಿ ಅಷ್ಟು ಇಲ್ಲಾ ಅದಕ್ಕೂ ಜಾಸ್ತಿ ಐತಿ, ಆದ್ರ ಮಡ್ಡಿ ಹೊಲಕ್ಕ ಅದು ಎಷ್ಟೋ ಪಾಲು ಹೆಚ್ಚಾತು.

ಆಮ್ಯಾಲೆ 1980ರ ದಶಕದಾಗ ರಾಬರ್ಟ್ ಡಿಕಿನ್ಸನ್, ಪಿಯರ್ಸ್ ಸೆಲರ್ಸ್ ಇಂಥವರು ಗಿಡಾನ ಒಳಗ ತಂದ್ರು. ಎಲಿ ಮ್ಯಾಲೆ ನಿಂತ ಮಳಿಹನಿ, ಬೇರು ಎಷ್ಟು ಆಳ, ಆವಿ ಹೊರಗ ಬಿಡೋ ಎಲಿ ಮ್ಯಾಲಿನ ಸಣ್ಣ ರಂಧ್ರ ಎಷ್ಟು ತಗದೈತಿ, ಎಲ್ಲಾ ಲೆಕ್ಕಕ್ಕ ಬಂತು. ಈ ಸೆಲರ್ಸ್ ಮುಂದ ಗಗನಯಾತ್ರಿ ಆಗಿ ಮೂರು ಸಲ ಸ್ಪೇಸ್ ಶಟಲ್‌ನಾಗ ಹೋಗಿ ಬಂದ್ರು. ಎಲಿ ರಂಧ್ರದ ಲೆಕ್ಕ ಬರದ ಮನಶಾ ಇಡೀ ಭೂಮಿನ ಮ್ಯಾಲಿಂದ ನೋಡಿದ ಅಂತ ನೆನಸಿದ್ರ ನನಗ ಇವತ್ತಿಗೂ ಮೈ ಝುಮ್ ಅಂತೈತಿ.

ಈಗ ನಿಮ್ಮ ಹೊಲ ಹೆಂಗ ಕಾಣ್ತೈತಿ ಅನ್ನೂದು. ಪುಣೆಯ ಐಐಟಿಎಂ ಅನ್ನೋ ಹವಾಮಾನ ಸಂಶೋಧನಾ ಸಂಸ್ಥೆ ಮಾನ್ಸೂನ್ ಮುನ್ಸೂಚನೆಗೆ ಬಳಸಿದ ಸಿಎಫ್‌ಎಸ್ ಮಾಡೆಲ್‌ನಾಗ ನೋವಾ ಅನ್ನೋ ನೆಲದ ಮಾಡೆಲ್ ಐತಿ, ಅದರಾಗ ಮಣ್ಣಿಗೆ ನಾಕು ಪದರ: 10, 30, 60, 100 ಸೆಂ.ಮೀ, ಒಟ್ಟು 2 ಮೀಟರ್. ನೋಯ್ಡಾದ ಎನ್‌ಸಿಎಂಆರ್‌ಡಬ್ಲ್ಯುಎಫ್ ಅನ್ನೋ ಹವಾಮಾನ ಮುನ್ಸೂಚನೆ ಕೇಂದ್ರ ಬಳಸೋದು ಬ್ರಿಟನ್ನಿನ ಜೂಲ್ಸ್ ಅನ್ನೋ ನೆಲದ ಮಾಡೆಲ್‌ನ, ಅದರಾಗ ನಾಕು ಪದರ 3 ಮೀಟರ್ ತನಕ ಹೋಗ್ತಾವ, ಮತ್ತ ಒಂದ ಚೌಕದ ಒಳಗ ನೆಲಾನ ಒಂಬತ್ತು ನಮೂನಿ ಪಾಲು ಮಾಡ್ತಾರ: ಐದು ಥರದ ಗಿಡ-ಹುಲ್ಲು, ಆಮ್ಯಾಲೆ ಊರು, ನೀರು, ಬರೇ ಮಣ್ಣು, ಹಿಮ. ಆ ಮೂಲ ಒಂಬತ್ತರಾಗ ಬೆಳಿ ಅಂತ ಬ್ಯಾರೆ ಖಾನೆ ಇಲ್ಲ. ನಿಮ್ಮ ಜ್ವಾಳ, ಕಬ್ಬು, ಗೊಂಜಾಳ ಹುಲ್ಲಿನ ಲೆಕ್ಕದಾಗ ಹೋಗ್ತಾವ. ದಿನದ ಮುನ್ಸೂಚನೆಯ ಮಾಡೆಲ್‌ನಾಗ ಚೌಕ 12 ಕಿ.ಮೀ ಆಸುಪಾಸು ಇದ್ರ, ನೂರು ವರ್ಷದ ಹವಾಮಾನ ಲೆಕ್ಕ ಹಾಕೋ ಐಐಟಿಎಂ-ಇಎಸ್‌ಎಂ ಅಂಥದರಾಗ ಒಂದು ಚೌಕ ಸುಮಾರು 200 ಕಿ.ಮೀ. ಅಷ್ಟರಾಗ ವಿಜಯಪುರ, ಬಾಗಲಕೋಟಿ, ಬೆಳಗಾವಿ ಮೂರೂ ಕೂಡಬಹುದು, ವರ್ಷಕ್ಕ 600 ಮಿ.ಮೀ ಕಾಣೋ ನಮ್ಮ ಬಯಲು ಸೀಮಿನೂ, ಸಾವಿರಗಟ್ಲೆ ಮಿ.ಮೀ ಬೀಳೋ ಖಾನಾಪುರದ ಕಾಡಿನ ಅಂಚೂ ಎರಡೂ ಸೇರಿ ಒಂದ ಮಳಿ ಅಂಕಿ.

ಪ್ರಶ್ನೆ: ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಕಾಲು ಸಿಗಬೀಳುವಷ್ಟು ಬಿರುಕು ಬಿಡ್ತೈತಿ. ಮೊದಲ ಮಳಿ ನೀರೆಲ್ಲಾ ಅದರಾಗ ಇಳದು ಹೋಗ್ತೈತಿ, ಮ್ಯಾಲೆ ನೋಡಿದ್ರ ಮಳಿ ಆಗಿದ್ದ ಗೊತ್ತಾಗಂಗಿಲ್ಲ. ಇದೆಲ್ಲಾ ಆ ಮಾಡೆಲ್ಲಿಗೆ ಗೊತ್ತೈತೇನ್ರಿ?
- ಇಂಡಿ ತಾಲೂಕಿನಿಂದ ಒಬ್ಬರು

ಉತ್ತರ: ಹೆಚ್ಚಿನ ಮಾಡೆಲ್ಲಿಗೆ ಗೊತ್ತಿಲ್ರಿ. ಮತ್ತ ನಮ್ಮ ಸೀಮಿ ಮಟ್ಟಿಗೆ ಇದು ಸಣ್ಣ ಕೊರತಿ ಅಲ್ಲ ಅನ್ನೂದು ನನ್ನ ಅಭಿಪ್ರಾಯ.

ಮಾಡೆಲ್ ಮಣ್ಣಿನ್ಯಾಗ ನೀರು ಹೆಂಗ ಇಳಸ್ತೈತಿ ಅಂದ್ರ, 1931ರಾಗ ರಿಚರ್ಡ್ಸ್ ಅನ್ನವರು ಕೊಟ್ಟ ಸಮೀಕರಣ ಹಿಡಕೊಂಡು. ಅದರ ಪ್ರಕಾರ ಮ್ಯಾಲಿನ ಪದರ ಮೊದಲ ತೋಯ್ತೈತಿ, ಆಮ್ಯಾಲೆ ಅದರ ಕೆಳಗಿಂದು, ಆಮ್ಯಾಲೆ ಅದರ ಕೆಳಗಿಂದು, ಕಣದಿಂದ ಕಣಕ್ಕ ಜಿನುಗಿಕೋತ. ಮಣ್ಣು ಉಬ್ಬಂಗಿಲ್ಲ, ಸೀಳಂಗಿಲ್ಲ, ಇದ್ದಲ್ಲೇ ಗಟ್ಟಿ ಇರ್ತೈತಿ ಅಂತ ಹಿಡದಿರ್ತಾರ. ನಮ್ಮ ಎರಿ ಮಣ್ಣಿನ ಜೇಡಿ ಹಂಗ ಇಲ್ಲ, ಅದರೊಳಗಿನ ಖನಿಜ ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಮೇ ತಿಂಗಳದಾಗ ಮೀಟರ್ ಆಳದ ತನಕ ಬಿರುಕು ಬಿದ್ದಿರ್ತಾವ. ಆವಾಗ ಒಂದು ಜೋರು ಅಡ್ಡಮಳಿ ಬಂದ್ರ ನೀರು ಮ್ಯಾಲಿನ ಪದರ ಬಿಟ್ಟು ಬಿರುಕಿನ್ಯಾಗ ಹಾಯ್ದು ಕೆಳಗ ಹೋಗ್ತೈತಿ. ಮಾಡೆಲ್ ಏನು ತಿಳ್ಕೋತೈತಿ? ಮ್ಯಾಲಿನ 10 ಸೆಂ.ಮೀ ಚಲೋ ತೊಯ್ದೈತಿ, ನಾಳೆ ಆವಿ ಜೋರು ಆಗ್ತೈತಿ, ಹವಾ ತಂಪು ಇರ್ತೈತಿ ಅಂತ. ನಿಜದಾಗ ಆ ನೀರು ಮೊಣಕಾಲಿನಷ್ಟು ಆಳದಾಗ ಕುಂತೈತಿ, ಮರುದಿನದ ಬಿಸಲಿಗೆ ಅದು ಸಿಗಂಗಿಲ್ಲ.

ಎರಡ್ಮೂರು ಮಳಿ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿತಂದ್ರ ಪೂರಾ ಉಲ್ಟಾ. ಆವಾಗ ನೀರು ಇಂಗೂದು ಭಾಳ ನಿಧಾನ, ಹೊಲದಾಗ ನೀರು ನಿಲ್ತೈತಿ, ಡೋಣಿ ಹೊಳಿಗೆ ಒಮ್ಮಿಗ್ಲೆ ಸೇರ್ತೈತಿ. ಒಂದ ಮಣ್ಣು ಒಂದ ವರ್ಷದಾಗ ಎರಡು ಥರ ನಡಕೊಂಡಂಗ ಆತು, ಮಾಡೆಲ್‌ನಾಗ ಆ ಮಣ್ಣಿಗೆ ಇರೂದು ಒಂದ ಅಂಕಿ. ಆ ಅಂಕಿನರ ಎಲ್ಲಿಂದ ಬಂತು ಅಂದ್ರ, ಭಾಳ ಮಾಡೆಲ್‌ನಾಗ 1978ರಾಗ ಕ್ಲಾಪ್ ಮತ್ತ ಹಾರ್ನ್‌ಬರ್ಗರ್ ಅನ್ನವರು ಮಾಡಿದ ಕೋಷ್ಟಕದಿಂದ: ಉಸುಕು ಇಷ್ಟು, ಜೇಡಿ ಇಷ್ಟು ಇದ್ರ ನೀರು ಹಿಂಗ ಹಿಡೀತೈತಿ, ಹಿಂಗ ಬಿಡ್ತೈತಿ ಅಂತ. ಅದಕ್ಕ ಆಧಾರ ಅಮೆರಿಕದ ಮಣ್ಣಿನ ಅಳತಿ. ಅಲ್ಲಿನ ಜೇಡಿಗೂ ದಖ್ಖನ್ ಕಪ್ಪು ಜೇಡಿಗೂ ನುಣುಪು ಒಂದ ಇರಬಹುದು, ಉಬ್ಬು-ಕುಗ್ಗು ಒಂದ ಇರೂದಿಲ್ಲ.

ಇದರ ಪರಿಣಾಮ ಹಿಂಗಾರಿ ಹೊತ್ತಿನ್ಯಾಗ ಕಾಣ್ತೈತಿ. ಉತ್ತರಿ, ಹಸ್ತ ಮಳಿ ನೋಡಿ ಹದ ಬಂದ ಮ್ಯಾಲೆ ಬಿತ್ತಿದ ಬಿಳಿ ಜ್ವಾಳ, ಕಡ್ಲಿ, ಮುಂದ ಮಳಿ ಇರಲಿ ಬಿಡಲಿ, ನೆಲದೊಳಗ ಕೂಡಿಟ್ಟ ಹಸಿ ಮ್ಯಾಲೆ ಫೆಬ್ರುವರಿ ತನಕ ಬರ್ತಾವ. ಡೋಣಿ ಹರದ್ರ ಓಣೆಲ್ಲಾ ಜ್ವಾಳ ಅಂತ ಮಾತು ಹುಟ್ಟಿದ್ದು ಈ ಮಣ್ಣಿನ್ಯಾಗ. ಮಾಡೆಲ್ ಇಲ್ಲಿನ ಮಣ್ಣನ್ನ ಹಗರು ಅಂತ ಹಿಡಕೊಂಡಿತ್ತಂದ್ರ ಅದರ ಲೆಕ್ಕದಾಗ ದೀಪಾವಳಿ ಮುಗಿಯೂದ್ರಾಗ ನೆಲ ಒಣಗಿ ಹೋಗಿರ್ತೈತಿ, ಆವಿ ನಿಂತಿರ್ತೈತಿ, ಚಳಿಗಾಲದ ಹಗಲಿನ ಉಷ್ಣತೆ ಇರೂದಕ್ಕಿಂತ ಹೆಚ್ಚು ತೋರಸ್ತೈತಿ. ಇನ್ನೊಂದು, ನೀವು ಹಿಂಗಾರಿ ಬೆಳಿಯೊಳಗ ಎಡಿ ಹೊಡದು ಬಿರುಕು ಮುಚ್ಚತೀರಲ್ಲ, ಒಳಗಿನ ಹಸಿ ಹಾರಬಾರದು ಅಂತ, ಆ ಒಂದು ಕೆಲಸದಿಂದ ಇಡೀ ಸೀಮಿ ಆವಿ ಲೆಕ್ಕ ಬದಲಾಗ್ತೈತಿ, ಅದು ಯಾವ ಕೋಷ್ಟಕದಾಗೂ ಇಲ್ಲ. ಎಲಿ ಎಷ್ಟೈತಿ ಅನ್ನೂದನ್ನರ ಸ್ಯಾಟಲೈಟ್ ಚಿತ್ರದಿಂದ ತಗೋತಾರ ಖರೆ, ಆದ್ರ ಭಾಳ ಕಡೆ ಅದು ಹಲವು ವರ್ಷದ ತಿಂಗಳವಾರು ಸರಾಸರಿ. ಈ ವರ್ಷ ಉತ್ತರಿ ಕೈಕೊಟ್ಟು ಬಿತ್ತಿಗಿ ತಡ ಆಗೈತಿ ಅಂತ ಸರಾಸರಿಗೆ ಹೆಂಗ ಗೊತ್ತಾಗಬೇಕು?

ಪ್ರಶ್ನೆ: ಕೆನಾಲ್ ನೀರು ಬಂದ ಮ್ಯಾಲೆ ನಮ್ಮ ಕಡೆ ಬ್ಯಾಸಗಿ ಝಳ ಸ್ವಲ್ಪ ಕಮ್ಮಿ ಆದಂಗ ಅನಸ್ತೈತಿ, ಆದ್ರ ಶೆಕಿ ಹೆಚ್ಚಾಗೈತಿ, ಬೆವರು ಆರಂಗ ಇಲ್ಲ. ಇದು ನಮ್ಮ ಭ್ರಮೆನೋ ಖರೆನೋ? ಮಾಡೆಲ್‌ನಾಗ ಕೆನಾಲ್ ಇರ್ತೈತೇನ್ರಿ?
- ಕೊಲ್ಹಾರ ಕಡೆಯ ಓದುಗರು, ಅಂಗನವಾಡಿ ಕಾರ್ಯಕರ್ತೆ

ಉತ್ತರ: ಅಕ್ಕಾರ, ಭ್ರಮೆ ಅಲ್ರಿ. ಗಾಂಧಿನಗರ ಐಐಟಿಯ ವಿಮಲ್ ಮಿಶ್ರಾ ಮತ್ತ ಅವರ ಸಂಗಡಿಗರು 2020ರಾಗ ಭಾರತದ ನೀರಾವರಿ ಬಗ್ಗೆ ಇದನ್ನ ತೋರಿಸ್ಯಾರ. ನೀರಾವರಿ ದಟ್ಟ ಇರೋ ಸೀಮಿಯೊಳಗ ನೆಲ ಸುಮಾರು 1 ಡಿಗ್ರಿ, ಹವಾ ಅರ್ಧ ಡಿಗ್ರಿ ತಂಪಾಗ್ತೈತಿ, ಆದ್ರ ಮನುಷ್ಯಾಗ ಆಗೋ ಹಸಿ ಶೆಕಿ ಹೆಚ್ಚಾಗ್ತೈತಿ ಅಂತ. ಕಾರಣ ಎರಡು. ಒಂದು, ಆವಿ ಹೆಚ್ಚಾತು. ಎರಡನೇದು ಹೆಚ್ಚಿನವರಿಗೆ ಹೊಳಿಯಂಗಿಲ್ಲ: ಮ್ಯಾಲೆ ಹೇಳಿದ್ನಲ್ಲ, ಹಸಿ ನೆಲದ ಮ್ಯಾಲೆ ಹವಾ ಕಲಸೋ ಪದರ ಗಿಡ್ಡ ಆಗ್ತೈತಿ ಅಂತ, ಹಿಂಗಾಗಿ ಆ ಆವಿ ಮ್ಯಾಲಕ್ಕ ಹರಡದ ನೆಲದ ಹತ್ರನ ಉಳೀತೈತಿ. ನಮ್ಮ ಮೈ ತಂಪಾಗೂದು ಬೆವರು ಆರಿದ್ರ, ಹವಾ ಮೊದಲ ಆವಿಯಿಂದ ತುಂಬಿತ್ತಂದ್ರ ಬೆವರು ಆರಂಗಿಲ್ಲ. ಥರ್ಮಾಮೀಟರ್ ಒಂದ ನೋಡಿ ಈ ವರ್ಷ ಬಿಸಲು ಕಮ್ಮಿ ಐತಿ ಅನ್ನೂದು ಅದಕ್ಕ ಸರಿ ಅಲ್ಲ. ಹೊಲದಾಗ ಕಸಾ ತಗಿಯಾಕ ಹೋಗೋ ಹೆಣ್ಣಮಕ್ಕಳು, ನಿಮ್ಮ ಅಂಗನವಾಡಿ ಸಣ್ಣ ಮಕ್ಕಳು, ಬಸರಿ ಬಾಣಂತ್ಯಾರು, ಇವರಿಗೆ ಈ ಹಸಿ ಶೆಕಿ ಒಣ ಬಿಸಲಿಗಿಂತ ಅಪಾಯ ಆಗಬಹುದು.

ಇನ್ನ ಮಾಡೆಲ್‌ನಾಗ ಕೆನಾಲ್. ಭಾಳ ಮಾಡೆಲ್‌ನಾಗ ನೀರಾವರಿನ ಇದ್ದಿಲ್ಲ, ಈಗೂ ಎಷ್ಟೋದರಾಗ ಇಲ್ಲ. ನೆಲಕ್ಕ ನೀರು ಬರೂದು ಮಳಿಯಿಂದ ಮಾತ್ರ ಅಂತ ಲೆಕ್ಕ. ಇದ್ದ ಮಾಡೆಲ್‌ನಾಗ ಹೆಂಗ ಇರ್ತೈತಿ ಅಂತ ಒಂದು ಉದಾಹರಣೆ ಕೊಡ್ತೇನಿ. ಅಮೆರಿಕದ ಕಮ್ಯುನಿಟಿ ಲ್ಯಾಂಡ್ ಮಾಡೆಲ್ ಅನ್ನೂದು ದಿನಾ ಮುಂಜಾನೆ 6 ಗಂಟೆಕ್ಕ ಬೇರಿನ ಆಳದ ಹಸಿ ನೋಡ್ತೈತಿ, ಕಮ್ಮಿ ಬಿದ್ದಿದ್ರ ಮುಂದಿನ 4 ತಾಸು ನೀರು ಬಿಡ್ತೈತಿ. ನಮ್ಮಲ್ಲಿ ಹಿಂಗ ನಡೀತೈತೇನು? ಕೆನಾಲ್ ನೀರು ಪಾಳಿ ಪ್ರಕಾರ, ಬೋರ್‌ವೆಲ್ ಇದ್ದವರಿಗೆ ತ್ರೀ ಫೇಸ್ ಕರೆಂಟ್ ಬಂದಾಗ, ಅದು ರಾತ್ರಿ 1 ಗಂಟೆ ಆದ್ರ 1 ಗಂಟೆ. ಕಬ್ಬಿಗೆ ಒಮ್ಮೆ ನೀರು ಹಾಸಿದ್ರ ಸಾಲು ತುಂಬಿ ನಿಲ್ಲೂವಷ್ಟು, ದ್ರಾಕ್ಷಿಗೆ ಡ್ರಿಪ್ ಹನಿ ಹನಿ. ಎರಡಕ್ಕೂ ಆವಿ ಬ್ಯಾರೆ, ರಾತ್ರಿ ಬಿಟ್ಟ ನೀರಿಗೂ ಹಗಲು ಬಿಟ್ಟ ನೀರಿಗೂ ಬ್ಯಾರೆ.

ಆಲಮಟ್ಟಿ ಹಿನ್ನೀರಿನ ಕತಿನೂ ಇದ. 1964ರಾಗ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಡ್ಯಾಂ, 519.6 ಮೀಟರ್ ತನಕ ನೀರು ನಿಂತ್ರ 123 ಟಿಎಂಸಿ. 12 ಕಿ.ಮೀ ಚೌಕದ ಮಾಡೆಲ್ಲಿಗೆ ಇದು ಕಾಣ್ತೈತಿ, 200 ಕಿ.ಮೀ ಚೌಕದ್ದಕ್ಕ ಕಾಣಂಗ ಇಲ್ಲ. ಕಂಡಲ್ಲಿನೂ ಹೆಚ್ಚಾಗಿ ವರ್ಷಪೂರ್ತಿ ಒಂದ ಅಳತಿ ಕೆರಿ ಅಂತ ಇರ್ತೈತಿ, ಆಗಸ್ಟ್ ತುಂಬು ನೀರು ಬ್ಯಾರೆ, ಮೇ ತಿಂಗಳದಾಗ ಸರದು ಬಯಲಾದ ಅಂಚು ಬ್ಯಾರೆ ಅನ್ನೂದು ಅದರಾಗ ಇರಂಗಿಲ್ಲ.

ಇದರಾಗ ಒಂದು ಮಾತು ಒತ್ತಿ ಹೇಳಬೇಕು. ನೀರಾವರಿ ಇಲ್ಲದ ಮಾಡೆಲ್ಲಿನ ಅಂಕಿನ ನಮ್ಮ ನೀರಾವರಿ ಸೀಮಿ ಅಂಕಿ ಜೊತಿ ಹೋಲಿಸಿ, ನೋಡ್ರಿ ಇಲ್ಲಿ ಹವಾಮಾನ ಬದಲಾವಣೆ ಕಮ್ಮಿ ಐತಿ ಅಂತ ಯಾರರ ಹೇಳಿದ್ರ ಹುಷಾರಿರ್ರಿ. ಕೆನಾಲ್ ನೀರು ಕಾವನ್ನ ಒಂದಿಷ್ಟು ಮುಚ್ಚಿ ಹಿಡದಿರ್ತೈತಿ. ನೀರು ಬಿಡದ ವರ್ಷ, ಕೆರಿ ಬತ್ತಿದ ವರ್ಷ, ಆ ಮುಚ್ಚಿಗಿ ಹೋಗ್ತೈತಿ.

ಪ್ರಶ್ನೆ: ಒಂದು ಕಡೆ ಮಳಿ ಆತಂದ್ರ ಹಸಿ ಇದ್ದಲ್ಲೇ ಮತ್ತ ಮಳಿ ಬರ್ತೈತಿ, ಒಣಾ ಇದ್ದಲ್ಲಿ ಬರಂಗಿಲ್ಲ ಅಂತ ನಮ್ಮ ಕಡೆ ಅಂತಾರ. ವಿಜ್ಞಾನ ಏನಂತೈತಿ?
- ಅಥಣಿಯ ನಿವೃತ್ತ ತಲಾಠಿಯವರು

ಉತ್ತರ: ಕಾಕಾ, ಇದಕ್ಕ ವಿಜ್ಞಾನಿಗಳ ನಡುವನೂ ಭಾಳ ವಾದ ನಡದೈತಿ, ಮತ್ತ ಉತ್ತರ ಎಷ್ಟು ದೂರದಿಂದ ನೋಡ್ತೀರಿ ಅನ್ನೂದರ ಮ್ಯಾಲೆ ಐತಿ.

1982ರಾಗ ಜಗದೀಶ್ ಶುಕ್ಲಾ (ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಹಳ್ಳಿಯವರು) ಮತ್ತ ಯೇಲ್ ಮಿಂಟ್ಝ್ ಕಂಪ್ಯೂಟರಿನ್ಯಾಗ ಎರಡು ಭೂಮಿ ಮಾಡಿ ನೋಡಿದ್ರು, ಒಂದರಾಗ ನೆಲವೆಲ್ಲಾ ಪೂರಾ ಹಸಿ, ಇನ್ನೊಂದರಾಗ ಆವಿನ ಇಲ್ಲದಷ್ಟು ಪೂರಾ ಒಣ. ಒಣ ಭೂಮಿಯೊಳಗ ನೆಲ ವಿಪರೀತ ಕಾದು, ಖಂಡಗಳ ಒಳನಾಡಿನ್ಯಾಗ ಮಳಿ ಭಾಳ ಕಮ್ಮಿ ಆತು. 2004ರಾಗ ರ‍್ಯಾಂಡಲ್ ಕೋಸ್ಟರ್ ಮುಂದಾಳತ್ವದಾಗ 12 ಮಾಡೆಲ್ ಕೂಡಿಸಿ, ಮಣ್ಣಿನ ಹಸಿ ಮಳಿನ ಎಲ್ಲಿ ಜೋರು ಹಿಡದು ಎಳೀತೈತಿ ಅಂತ ನಕ್ಷೆ ಮಾಡಿದ್ರು: ಅಮೆರಿಕದ ನಡುವಿನ ಬಯಲು, ಆಫ್ರಿಕಾದ ಸಾಹೇಲ್, ಮತ್ತ ಭಾರತ. ಅಂದ್ರ ಇಡೀ ಸೀಮಿ ಮಟ್ಟಿಗೆ ನಿಮ್ಮೂರಿನ ಮಾತಿಗೆ ಆಧಾರ ಐತಿ.

ಆದ್ರ 2012ರಾಗ ಬ್ರಿಟನ್ನಿನ ಕ್ರಿಸ್ಟೊಫರ್ ಟೇಲರ್ ಮತ್ತ ಸಂಗಡಿಗರು ಸ್ಯಾಟಲೈಟ್ ಅಂಕಿ ಹಿಡಕೊಂಡು ಜಗತ್ತಿನ ಮಧ್ಯಾಹ್ನದ ಮಳಿ ಎಲ್ಲಿ ಬೀಳ್ತೈತಿ ಅಂತ ನೋಡಿದ್ರ, ಸುತ್ತಲಿನ ನೆಲಕ್ಕಿಂತ ಒಣಾ ಇದ್ದ ನೆಲದ ಮ್ಯಾಲೆ ಹೆಚ್ಚು ಬಿದ್ದಿತ್ತು! ಯಾಕಂದ್ರ ಒಣ ನೆಲ ಹೆಚ್ಚು ಕಾಯ್ತೈತಿ, ಅಲ್ಲಿ ಹವಾ ಏಳ್ತೈತಿ, ಬಾಜೂಕಿನ ಹಸಿ ನೆಲದಿಂದ ಆವಿ ತುಂಬಿದ ಗಾಳಿ ಅಲ್ಲಿಗೆ ಬರ್ತೈತಿ, ಮೋಡ ಅಲ್ಲಿ ಕಟ್ಟತೈತಿ. ಹತ್ತಾರು ಕಿ.ಮೀ ಅಂತರದಾಗ ನಡಿಯೋ ಆಟ ಇದು. ಜಾಗತಿಕ ಮಾಡೆಲ್ ಇದರ ಉಲ್ಟಾ ತೋರಸ್ತಿದ್ವು, ಹಸಿ ನೆಲದ ಮ್ಯಾಲೆ ಮಳಿ ಹೆಚ್ಚು ಅಂತ. ಚೌಕ ದೊಡ್ಡದಿದ್ದಾಗ ಒಳಗಿನ ಈ ಸಣ್ಣ ಗಾಳಿ ಹುಟ್ಟಂಗ ಇಲ್ಲ, ಮತ್ತ ಮೋಡದ ಲೆಕ್ಕಾನ ಅಂದಾಜು ಸೂತ್ರದಾಗ ಮಾಡೂದ್ರಿಂದ ಹಸಿ ಸಿಕ್ಕ ಕೂಡ್ಲೆ ಮಳಿ ಸುರಿಸಿ ಬಿಡ್ತಾವ. ನನ್ನ ಮಟ್ಟಿಗೆ ಈ ಎಲ್ಲಾ ಅಧ್ಯಯನದಾಗ ಕಣ್ಣು ತಗಸಿದ್ದು ಇದು. ಅಂಕಿ ಎಷ್ಟು ತಪ್ಪು ಅನ್ನೂದು ಬ್ಯಾರೆ ಮಾತು, ನೆಲ ಮತ್ತ ಮಳಿ ನಡುವಿನ ಸಂಬಂಧದ ದಿಕ್ಕ ತಪ್ಪಿದ್ರ ಬರಗಾಲದ ಲೆಕ್ಕದಾಗ ಅದು ಬೆಳಕೋತ ಹೋಗ್ತೈತಿ, ಒಣಾ ನೆಲ ಇನ್ನಷ್ಟು ಒಣಾ, ಹಸಿ ನೆಲ ಇನ್ನಷ್ಟು ಹಸಿ.

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಎಂ.ಎಸ್ಸಿ ಫಿಸಿಕ್ಸ್ ಓದ್ತಿದೀನಿ. ನೆಲದಿಂದ ಹವಾಕ್ಕೆ ಹೋಗೋ ಕಾವು, ಆವಿ ಎಷ್ಟು ಅಂತ ಮಾಡೆಲ್ ಯಾವ ಸೂತ್ರದಿಂದ ತೆಗೆಯುತ್ತೆ? ಅದು ಸರಿ ಅಂತ ಹೇಗೆ ಗೊತ್ತಾಗುತ್ತೆ?
- ವಿದ್ಯಾರ್ಥಿನಿ

ಉತ್ತರ: ತಂಗಿ, ನಿನಗ ಓಮ್ ನಿಯಮ ಗೊತ್ತೈತಿ, ಅದ ಸಾಕು ಶುರು ಮಾಡಾಕ. ನೆಲದ ಉಷ್ಣತೆ ಮತ್ತ ಹವಾದ ಉಷ್ಣತೆ ನಡುವಿನ ವ್ಯತ್ಯಾಸ ವೋಲ್ಟೇಜ್ ಜಾಗಾದಾಗ, ಹರಿಯೋ ಕಾವು ಕರೆಂಟ್ ಜಾಗಾದಾಗ, ನಡುವ ಒಂದು ರೆಸಿಸ್ಟೆನ್ಸ್. ಆವಿಗೂ ಹಂಗ, ಆದ್ರ ಅಲ್ಲಿ ಇನ್ನೊಂದು ರೆಸಿಸ್ಟೆನ್ಸ್ ಸಾಲಿನ್ಯಾಗ ಕೂಡ್ತೈತಿ, ಎಲಿ ರಂಧ್ರದ್ದು. 1948ರಾಗ ಪೆನ್‌ಮನ್ ಕೊಟ್ಟ ಆವಿ ಸೂತ್ರಕ್ಕ 1965ರಾಗ ಮಾಂಟೀತ್ ಈ ಎಲಿ ರೆಸಿಸ್ಟೆನ್ಸ್ ಸೇರಿಸಿದ್ರು, ಇವತ್ತು ಬೆಳಿಗೆ ಎಷ್ಟು ನೀರು ಬೇಕು ಅಂತ ಕೃಷಿ ವಿಜ್ಞಾನಿಗಳು ಲೆಕ್ಕ ಹಾಕೂದೂ ಅದರಾಗ. ಹವಾದ ಕಡೆಯ ರೆಸಿಸ್ಟೆನ್ಸ್ ಗಾಳಿ ಜೋರು ಎಷ್ಟು, ನೆಲ ಎಷ್ಟು ಖರಬರ ಐತಿ, ಕೆಳಗಿನ ಹವಾ ಮ್ಯಾಲಿಂದಕ್ಕಿಂತ ಬಿಸಿ ಐತೋ ತಂಪು ಐತೋ ಇದರ ಮ್ಯಾಲೆ ನಿಂತೈತಿ, ಅದಕ್ಕ 1954ರ ಮೊನಿನ್-ಒಬುಖೋವ್ ಸಿದ್ಧಾಂತ ಓದು, ನಿನ್ನ ಫ್ಲೂಯಿಡ್ ಡೈನಾಮಿಕ್ಸ್ ಅಲ್ಲಿ ಚಲೋ ಉಪಯೋಗಕ್ಕ ಬರ್ತೈತಿ. ಎಲಿ ರಂಧ್ರದ ಲೆಕ್ಕ 1987ರಿಂದ ಬಾಲ್-ಬೆರಿ ಸೂತ್ರದ ಕೂಡ ಬ್ಯಾರೆ ದಾರಿ ಹಿಡೀತು: ಗಿಡ ಇಂಗಾಲ ಎಷ್ಟು ಹೀರತೈತೋ ಅದಕ್ಕ ತಕ್ಕಂಗ ರಂಧ್ರ ತಗೀತೈತಿ ಅಂತ. ಹಿಂಗಾಗಿ ಹವಾದಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದ್ರ ಬೇಕಾದಷ್ಟು ಇಂಗಾಲ ಕಮ್ಮಿ ತಗದ ರಂಧ್ರದಿಂದನ ಸಿಗ್ತೈತಿ, ರಂಧ್ರ ಸ್ವಲ್ಪ ಮುಚ್ಚತಾವ, ಆವಿ ಕಮ್ಮಿ ಆಗ್ತೈತಿ, ನೆಲ ಇನ್ನಷ್ಟು ಕಾಯ್ತೈತಿ. ಹಸಿರುಮನೆ ಪರಿಣಾಮದ ಹೊರತಾಗಿ ಬರೋ ಕಾವು ಇದು, ಎಲಿ ಲೆಕ್ಕ ಇಲ್ಲದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ.

ಸರಿ ಐತೋ ಇಲ್ಲೋ ನೋಡಾಕ ಫ್ಲಕ್ಸ್ ಟವರ್ ಅಂತ ಇರ್ತಾವ. ಕಂಬದ ಮ್ಯಾಲೆ ಶಬ್ದದ ಅಲೆಯಿಂದ ಗಾಳಿ ಅಳಿಯೋ ಯಂತ್ರ ಒಂದು, ಆವಿ ಅಳಿಯೋದು ಒಂದು, ಸೆಕೆಂಡಿಗೆ 10 ಇಲ್ಲಾ 20 ಸಲ ಅಳೀತಾವ. ಮ್ಯಾಲೆ ಹೋಗೋ ಸುಳಿ ಕೆಳಗ ಬರೋ ಸುಳಿಗಿಂತ ಎಷ್ಟು ಹೆಚ್ಚು ಆವಿ ಹೊತ್ತಿತ್ತು ಅನ್ನೂದರಿಂದ ಆ ಹೊಲದ ಆವಿ ನೇರ ಸಿಗ್ತೈತಿ. ದೂರ ಹೋಗಬೇಕಾಗಿಲ್ಲ, ಭಾರತ-ಬ್ರಿಟನ್ ಕೂಡಿ ಮಾಡಿದ ಇನ್‌ಕಾಂಪಾಸ್ ಅನ್ನೋ ಮಾನ್ಸೂನ್ ಯೋಜನೆಯೊಳಗ ಇಂಥದೊಂದನ್ನ ನಮ್ಮ ಧಾರವಾಡದಾಗ ಹಾಕಿದ್ರು, ಇನ್ನೊಂದು ಗುಂಡ್ಲುಪೇಟೆ ಹತ್ರ ಬೇರಂಬಾಡಿಯೊಳಗ. 2016ರ ಮಾನ್ಸೂನ್ ಹೊತ್ತಿನ್ಯಾಗ ವಿಮಾನದಿಂದನೂ ಅಳದ್ರು. ಈ ಟವರ್ ಅಳತಿಗೂ ಒಂದು ಕೊರತಿ ಐತಿ: ಬಂದ ಶಕ್ತಿ ಮತ್ತ ಹಂಚಿ ಹೋದ ಶಕ್ತಿ ಎರಡೂ ಕೂಡಿಸಿ ನೋಡಿದ್ರ ಜಗತ್ತಿನ್ಯಾಗ ಭಾಳ ಟವರ್ ಲೆಕ್ಕ ನೂರಕ್ಕ 80ರ ಸುತ್ತ ನಿಲ್ತೈತಿ, ಉಳದದ್ದು ಎಲ್ಲಿ ಹೋಗ್ತೈತಿ ಅನ್ನೂದು ಇನ್ನೂ ಸಂಶೋಧನೆ ವಿಷಯ. ನಿನಗ ಪ್ರಾಜೆಕ್ಟ್ ಬೇಕಿದ್ರ ಇದನ್ನ ಹಿಡಿ ಅಂತ ನಾನು ಖುಷಿಯಿಂದ ಹೇಳ್ತೇನಿ.

ಪ್ರಶ್ನೆ: ಖಾನಾಪುರ ಕಡೆ ಕಾಡು ಕಮ್ಮಿ ಆದ್ರ ಮಾಡೆಲ್‌ನಾಗ ಏನು ಬದಲಾಗ್ತೈತಿ?
- ಬೆಳಗಾವಿಯಿಂದ

ಉತ್ತರ: ಮೂರು ಅಂಕಿ ಒಮ್ಮಿಗ್ಲೆ ಬದಲಾಗ್ತಾವ. ಕಾಡು ಕಪ್ಪು, ಬೆಳಕು ಕಮ್ಮಿ ವಾಪಸ್ ಕಳಸ್ತೈತಿ. ಎತ್ತರ-ತಗ್ಗು ಇರೂದ್ರಿಂದ ಗಾಳಿನ ತಡದು ಕಲಸ್ತೈತಿ. ಬೇರು ಆಳ ಇರೂದ್ರಿಂದ ಮಳಿ ನಿಂತ ಎಷ್ಟೋ ತಿಂಗಳ ತನಕ ಆವಿ ಕೊಡ್ತೈತಿ. ಕಾಡು ಹೋದ್ರ ಮಳಿಗಾಲಕ್ಕಿಂತ ಜನವರಿ-ಏಪ್ರಿಲ್ ಲೆಕ್ಕದಾಗ ಹೆಚ್ಚು ಫರಕ್ ಕಾಣ್ತೈತಿ, ಹಗಲಿನ ಕಾವು ಏರ್ತೈತಿ. ಘಟ್ಟದ ಜೂನ್-ಜುಲೈ ಮಳಿ ಮುಖ್ಯವಾಗಿ ಅರಬ್ಬಿ ಸಮುದ್ರದ ಆವಿ ಗುಡ್ಡಕ್ಕ ಬಡದು ಬರೂದು, ಹಿಂಗಾಗಿ ಕಾಡು ಕಡದ್ರ ಮರುವರ್ಷನ ಮಳಿ ನಿಲ್ತೈತಿ ಅಂತ ಹೇಳೂದು ಸರಿ ಆಗಂಗಿಲ್ಲ, ಆದ್ರ ಮಲಪ್ರಭಾ, ಮಹಾದಾಯಿ ಹುಟ್ಟೋ ಆ ನೆಲದಾಗ ಬಿದ್ದ ನೀರು ಇಂಗಿ ಉಳಿಯೂದು ಕಾಡಿನಿಂದ, ಅದಕ್ಕ ಮಾಡೆಲ್ ಬೇಕಾಗಿಲ್ಲ.

ಪ್ರಶ್ನೆ: ನಮ್ಮ ಸಾಲಿ ಹುಡುಗರ ಕೂಡ ನೆಲದ ಹಸಿ ಅಳೀಬೇಕಂತ ಆಸೆ ಐತಿ. ಸ್ಯಾಟಲೈಟ್ ಇದ್ದಾಗ ನಮ್ಮ ಅಳತಿಗೆ ಬೆಲಿ ಐತೇನ್ರಿ?
- ಜಮಖಂಡಿ ಕಡೆಯ ಹೈಸ್ಕೂಲ್ ಮಾಸ್ತರರು

ಉತ್ತರ: ಖಂಡಿತ ಐತಿ ಸರ. 2015ರಾಗ ಹಾರಿದ ನಾಸಾದ ಸ್ಮ್ಯಾಪ್ ಸ್ಯಾಟಲೈಟ್ ಕಾಣೂದು ಮ್ಯಾಲಿನ 5 ಸೆಂ.ಮೀ ಹಸಿ ಅಷ್ಟ, ಅದೂ ಹತ್ತಾರು ಕಿ.ಮೀ ಸರಾಸರಿ. 2025ರ ಜುಲೈ 30ಕ್ಕ ಶ್ರೀಹರಿಕೋಟಾದಿಂದ ಹೋದ ಇಸ್ರೋ-ನಾಸಾ ನಿಸಾರ್ ಇನ್ನೂ ಸಣ್ಣ ತುಂಡು ನೋಡ್ತೈತಿ, ಆದ್ರ ಅದಕ್ಕೂ ಆಳದ ಹಸಿ ನೇರ ಕಾಣಂಗಿಲ್ಲ. ಹಿಂಗಾರಿ ಜ್ವಾಳದ ಬೇರು ಇರೂದು ಆಳದಾಗ. ನಮ್ಮ ರಾಜ್ಯದಾಗ ಗ್ರಾಮ ಪಂಚಾಯ್ತಿ ಮಟ್ಟದಾಗ ಮಳಿ ಅಳಿಯೋ ಯಂತ್ರ ಅದಾವ, ಆಳದ ಹಸಿ ಅಳಿಯೋ ಜಾಲ ಅಷ್ಟು ದಟ್ಟ ಇಲ್ಲ, ಮತ್ತ ಇದ ನಮ್ಮ ಎರಿ ಸೀಮಿಗೆ ಎಲ್ಲಕ್ಕಿಂತ ಬೇಕಾದ ಅಂಕಿ ಅಂತ ನಾನು ನಂಬೇನಿ.

ಮಾಡೂ ರೀತಿ ಸಾದಾ. ಒಂದ ಹೊಲದಾಗ, ಒಂದ ಜಾಗಾದ ಸುತ್ತಮುತ್ತ, 15, 30, 60 ಸೆಂ.ಮೀ ಆಳದಿಂದ ಮಣ್ಣು ತಗದು ಕೂಡ್ಲೆ ಮುಚ್ಚಳ ಇರೋ ಡಬ್ಯಾಗ ಹಾಕ್ರಿ, ಬಿಸಲಾಗ ಹಿಡಕೊಂಡು ನಿಂತ್ರ ಹಸಿ ಹಾರಿ ಹೋಗ್ತೈತಿ. ತೂಕ ಮಾಡ್ರಿ. ಹತ್ರದ ಕಾಲೇಜಿನ ಲ್ಯಾಬ್ ಓವನ್‌ನಾಗ 105 ಡಿಗ್ರಿಯೊಳಗ 24 ತಾಸು ಒಣಗಿಸಿ ಮತ್ತ ತೂಕ ಮಾಡ್ರಿ. ಹೋದ ತೂಕಾನ ಒಣ ಮಣ್ಣಿನ ತೂಕದಿಂದ ಭಾಗಿಸಿದ್ರ ಹಸಿ ಪ್ರಮಾಣ ಬಂತು. ಮಾಡೆಲ್ ಜೊತಿ ಹೋಲಿಸಬೇಕಂದ್ರ ಇದನ್ನ ಘನ ಅಳತಿಗೆ ತರಬೇಕು, ಅದಕ್ಕ ಗೊತ್ತಿದ್ದ ಗಾತ್ರದ ಪೈಪ್ ತುಂಡು ನೆಲಕ್ಕ ಹೊಡದು ತಗದ ಮಣ್ಣಿನ ಒಣ ತೂಕಾನೂ ಬರಕೊಳ್ರಿ, ಮತ್ತ ಎರಿ ಮಣ್ಣು ಉಬ್ಬಿ ಕುಗ್ಗೂದ್ರಿಂದ ಈ ಪೈಪ್ ಅಳತಿನ ಹಸಿ ಇದ್ದಾಗ ಒಮ್ಮೆ, ಒಣಗಿದಾಗ ಒಮ್ಮೆ ಬ್ಯಾರೆ ಬ್ಯಾರೆ ತಗೋಬೇಕು. ವಾರಕ್ಕೊಮ್ಮೆ, ಬಿತ್ತಿದ ದಿನದಿಂದ ರಾಶಿ ತನಕ, ಆ ಹೊಲದಾಗ ಎಡಿ ಯಾವಾಗ ಹೊಡದ್ರು, ನೀರು ಯಾವಾಗ ಬಿಟ್ರು ಅನ್ನೂದೂ ಅದ ವಹಿಯೊಳಗ ಇರಲಿ.